ಜಾವಾ ತಂತ್ರಾಂಶವನ್ನು ಮನೆಗೆ ಮುಟ್ಟಿಸುವ ಬಗೆ

ಕಾಸರಗೋಡಿನ ನಮ್ಮ ಶಾಲೆಯ ಗಣಕಯಂತ್ರಗಳಲ್ಲಿ ಇರುವುದು ಲಿನಕ್ಸ್. ಮಕ್ಕಳ ಮನೆಗಳಲ್ಲಿ ಇರುವುದು ಬಹುಮಟ್ಟಿಗೆ ವಿಂಡೋಸ್. ಶಾಲೆಯಲ್ಲಿ ರಚಿಸಿದ ತಂತ್ರಾಂಶವು ಮನೆಯಲ್ಲಿ ಏಕೆ ತೆರೆಯದು ಎಂದು ವಿದ್ಯಾರ್ಥಿಗಳು ನಮ್ಮನ್ನು ಹಲವು ಸಲ ಕೇಳಿರುವರು. ಈ ವರ್ಷ ಹತ್ತನೆಯ ತರಗತಿಯವರು ಜಾವಾದಲ್ಲಿ ಕನ್ನಡ-ಮಲಯಾಳ ಪದಕೋಶವೊಂದನ್ನು ಸಿದ್ಧಪಡಿಸಿ ಮನೆಮನೆಗೂ ಮುಟ್ಟಿಸಬೇಕೆಂದು ಹಂಬಲಿಸಿರುವುದರಿಂದ, ಆ ಪ್ರಶ್ನೆಗೆ ಇಲ್ಲಿ ತುಸು ವಿಸ್ತಾರವಾಗಿಯೇ ಉತ್ತರ ಹೇಳಬಯಸುತ್ತೇವೆ.

ಜಾವಾ ಭಾಷೆಯನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು 1995ರಲ್ಲಿ ಹೊರತಂದರು. ಒಮ್ಮೆ ಬರೆದರೆ ಎಲ್ಲೆಡೆಯೂ ನಡೆಯುವುದೆಂಬುದು ಅದರ ಘೋಷಣೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ತಿಯಾದ ಮಾತೂ ಅಲ್ಲ. ಜಾವಾದಲ್ಲಿ ಬರೆದುದು ನೇರವಾಗಿ ಯಂತ್ರದ ಭಾಷೆಯಾಗದೆ ಬೈಟ್‌ಕೋಡ್ ಎಂಬ ನಡುಭಾಷೆಯಾಗುತ್ತದೆ. ಅದನ್ನು ಆಯಾ ಯಂತ್ರಕ್ಕೆ ತಿಳಿಯಹೇಳಲು ದುಭಾಷಿಯೊಬ್ಬನು ಬೇಕು. ಜಾವಾ ವರ್ಚುಯಲ್ ಮೆಷೀನ್ ಎಂಬುದೇ ಆ ದುಭಾಷಿ. ವಿಂಡೋಸಿಗೆ ಒಬ್ಬ, ಲಿನಕ್ಸಿಗೆ ಒಬ್ಬ, ಮ್ಯಾಕಿಗೆ ಇನ್ನೊಬ್ಬ. ಗಡಿನಾಡಿನವರಾದ ನಮಗೆ ದುಭಾಷಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಈ ದುಭಾಷಿಯನ್ನು ಬಳಸುವವರೇ ತಮ್ಮ ಯಂತ್ರದಲ್ಲಿ ಇರಿಸಿಕೊಳ್ಳುತ್ತಿದ್ದರು. 2018ರಲ್ಲಿ ಬಂದ 11ನೆಯ ಆವೃತ್ತಿಯಿಂದ ಓರಕಲ್ ಸಂಸ್ಥೆಯವರು ಅದನ್ನು ಪ್ರತ್ಯೇಕವಾಗಿ ಕೊಡುವುದನ್ನು ನಿಲ್ಲಿಸಿದರು. ತಂತ್ರಾಂಶದ ಜೊತೆಯಲ್ಲೇ ದುಭಾಷಿಯನ್ನೂ ಪೊಟ್ಟಣ ಕಟ್ಟಿ ಕಳುಹಿಸುವುದು ಇಂದಿನ ಪದ್ಧತಿ. ಇದರಿಂದ ಒಂದೆರಡು ಎಂ.ಬಿ.ಯ ಪದಕೋಶವು ಹಲವು ಹತ್ತು ಎಂ.ಬಿ.ಗೆ ಬೆಳೆಯುವುದು ನಿಜ. ಆದರೂ ಅಂತರಜಾಲವು ಮಂದವಾಗಿರುವ ಮನೆಗೆ ಪೆನ್‌ಡ್ರೈವಿನಲ್ಲಿ ಹೋಗುವ ವಸ್ತುವು ಅಲ್ಲಿ ಮತ್ತೇನನ್ನೂ ಬೇಡದಿರುವುದೇ ಮೇಲೆಂದು ನಮ್ಮ ಅಭಿಪ್ರಾಯ.

ಪೊಟ್ಟಣ ಕಟ್ಟುವ ಉಪಕರಣಗಳು ಹಲವುಂಟು. ಇಜ್‌ಪ್ಯಾಕ್ ಎಂಬುದು ಉಚಿತವಾದುದು. ಅದು ಕಟ್ಟುವ ಇನ್‌ಸ್ಟಾಲರ್ ತಾನೇ ಜಾವಾದಲ್ಲಿ ಇರುವುದರಿಂದ ಒಂದೇ ಕಡತ ಮೂರೂ ಕಡೆ ನಡೆಯುವುದು. ಆದರೆ ಆ ಮನೆಯಲ್ಲಿ ಜಾವಾ ಮೊದಲೇ ಇರಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಯಿತು! ಇನ್‌ಸ್ಟಾಲ್4ಜೆ ಎಂಬುದು ಒಂದೇ ಯಂತ್ರದಲ್ಲಿ ಕುಳಿತು ಎಲ್ಲ ವ್ಯವಸ್ಥೆಗಳಿಗೂ ಪೊಟ್ಟಣ ಕಟ್ಟಬಲ್ಲುದು; ಆದರೆ ಅದನ್ನು ಹಣಕೊಟ್ಟು ಕೊಳ್ಳಬೇಕು.

ಮೂರನೆಯದು ಜೆಪ್ಯಾಕೇಜ್. 2020ರಲ್ಲಿ ಜಾವಾದ 14ನೆಯ ಆವೃತ್ತಿಯಲ್ಲಿ ಪ್ರಯೋಗವಾಗಿ ಬಂದು, 2021ರಲ್ಲಿ 16ನೆಯದರಲ್ಲಿ ನೆಲೆಗೊಂಡಿತು. ಜಾವಾ ಕಲಿಯುವವರ ಸಾಧನಸಂಪುಟದಲ್ಲೇ ಸೇರಿರುವುದರಿಂದ ಬೇರೆ ಖರ್ಚಿಲ್ಲ. ಇದರ ನಿರ್ಬಂಧವನ್ನು ಮಕ್ಕಳು ಚೆನ್ನಾಗಿ ಮನಗಾಣಬೇಕು: ಲಿನಕ್ಸಿನಲ್ಲಿ ಕುಳಿತು ವಿಂಡೋಸಿನ ಪೊಟ್ಟಣವನ್ನು ಇದರಿಂದ ಕಟ್ಟಲಾಗದು. ಡೆಬ್ ಕಡತವನ್ನು ಲಿನಕ್ಸಿನಲ್ಲೂ, ಎಂಎಸ್‌ಐ ಕಡತವನ್ನು ವಿಂಡೋಸಿನಲ್ಲೂ ಕಟ್ಟಬೇಕು. ವಿಂಡೋಸಿನಲ್ಲಿ ಇದಕ್ಕೆ ವಿಕ್ಸ್ ಎಂಬ ಇನ್ನೊಂದು ಸಾಧನದ ನೆರವೂ ಬೇಕು. ಕಚೇರಿಯಲ್ಲಿ ವಿಂಡೋಸ್ ಯಂತ್ರವೊಂದು ಇರುವುದರಿಂದ ನಾವು ಇದನ್ನೇ ಆರಿಸಿಕೊಂಡೆವು.

ದುಭಾಷಿಯನ್ನು ಜೊತೆಗೇ ಕಳುಹಿಸುವುದರಿಂದ ಕನ್ನಡಕ್ಕೆ ಇನ್ನೊಂದು ಲಾಭವಿದೆ. 2022ರ 18ನೆಯ ಆವೃತ್ತಿಗೆ ಮುಂಚೆ, ಕಡತದ ಅಕ್ಷರಗಳನ್ನು ಯಾವ ಸಂಕೇತಕ್ರಮದಲ್ಲಿ ಓದಬೇಕೆಂದು ನಿರ್ದಿಷ್ಟವಾಗಿ ಹೇಳದಿದ್ದರೆ, ಜಾವಾ ಆಯಾ ಯಂತ್ರದ ರೂಢಿಯನ್ನೇ ಅನುಸರಿಸುತ್ತಿತ್ತು. ಲಿನಕ್ಸಿನಲ್ಲಿ ಸರಿಯಾಗಿ ಕಂಡ ಕನ್ನಡವು ವಿಂಡೋಸಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿದ್ದುದು ಇದರಿಂದಲೇ. 18ರಿಂದೀಚೆಗೆ ಎಲ್ಲ ಕಡೆಯೂ ಯುಟಿಎಫ್-8 ಕ್ರಮವೇ ರೂಢಿ. ಹೊಸ ದುಭಾಷಿಯು ಪೊಟ್ಟಣದಲ್ಲೇ ಇದ್ದರೆ ಮನೆಯ ಯಂತ್ರದಲ್ಲಿ ಯಾವ ಹಳೆಯ ಜಾವಾ ಇದ್ದರೂ ಬಾಧಕವಿಲ್ಲ.

ಪೋಷಕರಿಗೆ ಎರಡು ಮಾತು. ನಮ್ಮ ಪೊಟ್ಟಣಕ್ಕೆ ಡಿಜಿಟಲ್ ಸಹಿ ಇಲ್ಲ. ಅದರ ಪ್ರಮಾಣಪತ್ರಕ್ಕೆ ಹಣ ತೆರಬೇಕಾಗುತ್ತದೆ. ಆದ್ದರಿಂದ ಪ್ರಕಾಶಕರು ಯಾರೆಂದು ತಿಳಿಯದೆಂದು ವಿಂಡೋಸ್ ಎಚ್ಚರಿಸುವುದು. ಶಾಲೆಯ ಪೆನ್‌ಡ್ರೈವಿನಿಂದಲೇ ಬಂದ ಕಡತವಾದರೆ ಮಾತ್ರ ಒಪ್ಪಿಗೆ ಕೊಡಿರಿ. ಬೇರೆಯವರು ಫೋನಿನಲ್ಲಿ ಕಳುಹಿಸಿದ್ದನ್ನು ತೆರೆಯಬೇಡಿರಿ. ಇನ್ನು, 32-ಬಿಟ್ಟಿನ ಹಳೆಯ ವಿಂಡೋಸಿನಲ್ಲಿ ಈ ಪೊಟ್ಟಣವು ನಡೆಯದು. 2025ರಲ್ಲಿ ಬಂದ 24ನೆಯ ಆವೃತ್ತಿಯಿಂದ ಜಾವಾದಲ್ಲೇ ಅದಕ್ಕೆ ಎಡೆಯಿಲ್ಲ. ಅಂಥ ಯಂತ್ರವಿರುವವರು ತರಗತಿಯ ಅಧ್ಯಾಪಕರಿಗೆ ತಿಳಿಸಿದಲ್ಲಿ, 8ನೆಯ ಆವೃತ್ತಿಯ ದುಭಾಷಿಯನ್ನು ಸೇರಿಸಿ, ಇನ್ನೋ ಸೆಟಪ್ ಎಂಬ ಉಚಿತ ಉಪಕರಣದಿಂದ ಬೇರೊಂದು ಪೊಟ್ಟಣವನ್ನು ಕಟ್ಟಿಸಿ ಕೊಡುವೆವು. ಆಗ ಯುಟಿಎಫ್-8 ಎಂಬುದನ್ನು ವಿದ್ಯಾರ್ಥಿಗಳು ತಮ್ಮ ಬರಹದೊಳಗೇ ಮರೆಯದೆ ಹೇಳಿರಬೇಕು.