ಅರಳುಮರಳು ಅಂದುಬಿಟ್ಟರೆ ಆಯಿತೆ?

ಕಬ್ಬಿನ ಬಿಲ್ಲನ್ನು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ಮೂಡಲಗಿ ಕಡೆಯ ರೈತರೊಬ್ಬರನ್ನು ಊಹಿಸಿಕೊಳ್ಳಿ. ಈಗೀಗ ಗೋಕಾಕದ ಪೇಟೆಯಲ್ಲಿ ಚಿಲ್ಲರೆ ಎಣಿಸುವಾಗ ತಡವರಿಸುತ್ತಾರೆ. ಮೊಮ್ಮಕ್ಕಳ ಹೆಸರು ನೆನಪಿದೆ, ಮಾತೂ ಸರಿ. ಮುಂಜಾನೆಯ ಗುಳಿಗೆ ಯಾವುದು, ರಾತ್ರಿಯದು ಯಾವುದು ಎಂಬಲ್ಲಿ ಗೊಂದಲ. ‘ಅಪ್ಪಗ ವಯಸ್ಸಾತು, ಅರಳುಮರಳು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಕಿಡ್ನಿ ಸೋತು ಅವರು ಮಾಡಿಸಿಕೊಳ್ಳುತ್ತಿರುವ ಡಯಾಲಿಸಿಸ್‌ಗೂ (ಯಂತ್ರದಿಂದ ರಕ್ತ ಶುದ್ಧಿ) ಈ ಗೊಂದಲಕ್ಕೂ ನಂಟಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಕಿಡ್ನಿ, ಮಿದುಳು ಎರಡೂ ಹಗಲಿರುಳು ರಕ್ತ ಬೇಡುವ ಅಂಗಗಳು. ಹೃದಯ ದೂಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಬೇಕು. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ನೀರು ರಭಸ ತಗ್ಗದೆ ಹೊಲಗಾಲುವೆಗೆ ನುಗ್ಗಿದರೆ ಒಡ್ಡು ಉಳಿದೀತೆ? ಹತೋಟಿ ತಪ್ಪಿದ ಬಿಪಿ ಈ ಎರಡೂ ಅಂಗಗಳ ಸಣ್ಣ ರಕ್ತನಾಳಗಳಿಗೆ ಮಾಡುವುದು ಅದನ್ನೇ. ಸಕ್ಕರೆ ಕಾಯಿಲೆಯೂ ಅದಕ್ಕೆ ಕೈಜೋಡಿಸುತ್ತದೆ. ಅದರ ಮೇಲೆ, ಕಿಡ್ನಿ ಸೋತಾಗ ಮೂತ್ರದಲ್ಲಿ ಹೋಗಬೇಕಾದ ಇಂಡಾಕ್ಸಿಲ್ ಸಲ್ಫೇಟ್‌ನಂಥ ಕಶ್ಮಲ ರಕ್ತದಲ್ಲೇ ಉಳಿಯುತ್ತದೆ, ರಕ್ತಹೀನತೆ ಬೇರೆ. ಹಾಗಾಗಿ ಇಲ್ಲಿ ಹೆಚ್ಚಾಗಿ ಮೊದಲು ಕುಂದುವುದು ನೆನಪಲ್ಲ. ಗಮನ, ಚುರುಕು, ಹತ್ತು ಕೆಲಸವನ್ನು ಕ್ರಮವಾಗಿ ಹೊಂದಿಸುವ ಜಾಣ್ಮೆ. ಕಾಗದ ಕೊಟ್ಟು ‘ಗಡಿಯಾರ ಬರೀರಿ, 11 ಗಂಟೆ 10 ನಿಮಿಷ ತೋರಿಸ್ರಿ’ ಎಂದರೆ ವೃತ್ತ ಬರುತ್ತದೆ, ಅಂಕಿಗಳೆಲ್ಲ ಒಂದೇ ಬದಿಗೆ ಗುಂಪುಗೂಡುತ್ತವೆ, ಮುಳ್ಳು 10ರ ಮೇಲೇ ನಿಲ್ಲುತ್ತದೆ.

2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಮಿನಿಯಾಪೊಲಿಸ್ ಸುತ್ತಮುತ್ತ ಡಯಾಲಿಸಿಸ್‌ನಲ್ಲಿದ್ದ, 55 ವರ್ಷ ಮತ್ತು ಮೇಲ್ಪಟ್ಟ 338 ಜನರ ನೆನಪು, ಚುರುಕನ್ನು ಪರೀಕ್ಷಿಸಿದ್ದರು. 37% ಜನರಿಗೆ ತೀವ್ರ ತೊಂದರೆ. ಆಸ್ಪತ್ರೆಯ ದಾಖಲೆಯಲ್ಲಿ ಅದು ನಮೂದಾಗಿದ್ದದ್ದು 3%ಕ್ಕೂ ಕಡಿಮೆ ಜನರದ್ದು. ವೈದ್ಯರ ಕಣ್ಣೂ ತಪ್ಪಿಸುವ ತೊಂದರೆಯಿದು. ಮನೆಯವರನ್ನು ಹೇಗೆ ದೂರುವುದು?

ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆಯಲ್ಲಿ ಬಿಪಿ ಇಳಿದು ಮಿದುಳಿಗೆ ಹೋಗುವ ರಕ್ತವೂ ತಗ್ಗಬಹುದು. ಆ ಹೊತ್ತಿನಲ್ಲಿ ತಲೆ ಓಡುವುದು ಎಲ್ಲಕ್ಕಿಂತ ಕಡಿಮೆ. ನಮ್ಮಲ್ಲಿ ಪಥ್ಯ, ಗುಳಿಗೆಯ ವಿವರವನ್ನೆಲ್ಲ ಹೇಳಿಬಿಡುವುದು ಹೆಚ್ಚಾಗಿ ಅದೇ ಹಾಸಿಗೆಯ ಪಕ್ಕ ನಿಂತು! ಕೇಳಿದವರು ‘ಹೂಂ’ ಅನ್ನುತ್ತಾರೆ, ಹುಕ್ಕೇರಿ ಬಸ್ಸು ಹತ್ತುವಷ್ಟರಲ್ಲಿ ಮರೆತಿರುತ್ತಾರೆ.

ಕಿಡ್ನಿ ಕಸಿಯಾದ ಹಲವರಲ್ಲಿ ಈ ಮಂಕು ಎಷ್ಟೋ ತಿಳಿಯಾಗಿದೆ; ಅಂದರೆ ಎಲ್ಲವೂ ಮುಪ್ಪಿನದಲ್ಲ. ಬಿಪಿ, ಸಕ್ಕರೆ ಇರುವವರು ಕಿಡ್ನಿಯ ಸ್ಥಿತಿ ತಿಳಿಯಲು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಲಿ. ಮನೆಯಲ್ಲಿ ಡಯಾಲಿಸಿಸ್‌ನವರಿದ್ದರೆ ಗುಳಿಗೆಯ ಚೀಟಿಯನ್ನು ನೀವು ಇಟ್ಟುಕೊಳ್ಳಿ. ಆಸ್ತಿ-ಸಾಲದ ಕಾಗದಕ್ಕೆ ಡಯಾಲಿಸಿಸ್ ಇರುವ ದಿನ ಅವರ ಸಹಿ ಹಾಕಿಸಬೇಡಿ.