ಹವೆಯಿಲ್ಲದೆಡೆಯ ಹವಾಮಾನ

“ಹವೆಯೇ ಇಲ್ಲದ ಕಡೆ ಹವಾಮಾನವೆಲ್ಲಿಂದ ಬಂತು?” ‘ಬಾಹ್ಯಾಕಾಶ ಹವಾಮಾನ’ವೆಂಬ ಮಾತನ್ನು ಕೇಳಿದೊಡನೆ ಏಳನೆಯ ತರಗತಿಯ ಬಾಲಕನೊಬ್ಬನು ಹೀಗೆಂದರೆ ಅವನನ್ನು ಗದರಿಸಬಾರದು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ದೊರೆಯದು.

ಅಲ್ಲಿ ಬೀಸುವುದು ನಮ್ಮ ಗಾಳಿಯಲ್ಲ. ಸೂರ್ಯನಿಂದ ಎಡೆಬಿಡದೆ ಹೊರಡುವ ವಿದ್ಯುತ್ಕಣಗಳ ಪ್ರವಾಹ. ಸೂರ್ಯನು ಕೆರಳಿದಾಗ ನೂರಾರು ಕೋಟಿ ಟನ್ನುಗಳಷ್ಟು ಕಣರಾಶಿ ಒಮ್ಮೆಲೇ ಸಿಡಿದು ಹೊರಬೀಳುವುದುಂಟು. ಅದು ಭೂಮಿಯ ಕಾಂತಕ್ಷೇತ್ರವನ್ನು ತಾಕಿದಾಗ ಏಳುವ ಕ್ಷೋಭೆಯೇ ಕಾಂತ ಬಿರುಗಾಳಿ.

ಇದನ್ನು ಮಕ್ಕಳಿಗೆ ಕಥೆಯಾಗಿ ಹೇಳಬಹುದು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್‌ಟನ್ ಅವರು ದೂರದರ್ಶಕದ ಮೂಲಕ ಸೂರ್ಯಬಿಂಬವನ್ನು ತೆರೆಯ ಮೇಲೆ ಮೂಡಿಸಿ, ಅದರಲ್ಲಿನ ಕಲೆಗಳ ಚಿತ್ರವನ್ನು ಬರೆಯುತ್ತಿದ್ದರು. ಹಠಾತ್ತನೆ ಕಲೆಗಳ ನಡುವೆ ಬಿಳಿಯ ಬೆಳಕು ಹೊಳೆಯಿತು. ಹದಿನೆಂಟು ಗಂಟೆ ಕಳೆಯುವುದರೊಳಗೆ ಭೂಮಿಯಲ್ಲಿ ಕೋಲಾಹಲ! ದೇಶದೇಶಗಳ ತಂತಿ ಸಂಪರ್ಕ ಕೆಟ್ಟಿತು. ಕೆಲವು ತಂತಿ ಕಚೇರಿಗಳಲ್ಲಿ ಯಂತ್ರಗಳಿಂದ ಕಿಡಿ ಹಾರಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕದಲ್ಲೂ ಆ ಬಿರುಗಾಳಿ ದಾಖಲಾಯಿತು.

ಇದು ಹಳೆಯ ಕಥೆಯೆಂದು ಮರೆಯುವಂತಿಲ್ಲ. 1989ರ ಮಾರ್ಚ್ 13ರಂದು ಇದಕ್ಕಿಂತ ಚಿಕ್ಕದಾದ ಬಿರುಗಾಳಿಯೊಂದು ಕೆನಡದ ಕ್ವಿಬೆಕ್ ಪ್ರಾಂತವನ್ನು ಕತ್ತಲೆಗೆ ನೂಕಿತು. ಸುಮಾರು 60 ಲಕ್ಷ ಜನರಿಗೆ ಒಂಬತ್ತು ಗಂಟೆಗಳ ಕಾಲ ವಿದ್ಯುತ್ತಿರಲಿಲ್ಲ.

ಕಥೆಯ ಬಳಿಕ ಒಂದು ಲೆಕ್ಕ. ಸೂರ್ಯನಿಗೂ ನಮಗೂ 15 ಕೋಟಿ ಕಿಲೋಮೀಟರು ದೂರ. ಬೆಳಕು ಎಂಟು ನಿಮಿಷಗಳಲ್ಲಿ ಬಂದು ಮುಟ್ಟುತ್ತದೆ. ಕಣರಾಶಿಯ ವೇಗ ಸೆಕೆಂಡಿಗೆ 1,000 ಕಿಲೋಮೀಟರಾದರೆ ಅದು ಬರಲು ಎಷ್ಟು ಹೊತ್ತು ಬೇಕು? ಸುಮಾರು 42 ಗಂಟೆ. ವಿದ್ಯುತ್ ಜಾಲವನ್ನೂ ಉಪಗ್ರಹಗಳನ್ನೂ ಕಾಪಾಡಿಕೊಳ್ಳಲು ನಮಗೆ ದೊರೆಯುವ ಅವಧಿ ಇಷ್ಟೇ. ಆದುದರಿಂದಲೇ ಸೂರ್ಯನ ಮೇಲೆ ಸದಾ ಕಣ್ಣಿಡಬೇಕಾಗಿದೆ. ಭಾರತದ ಆದಿತ್ಯ-ಎಲ್1 ನೌಕೆ 2024ರ ಜನವರಿಯಲ್ಲಿ, ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದಲ್ಲಿ, ಇದಕ್ಕಾಗಿಯೇ ನೆಲೆಗೊಂಡಿತು. ಸೂರ್ಯನ ಪ್ರಭಾವಲಯವನ್ನು ನೋಡುವ ಅದರ ಮುಖ್ಯ ಉಪಕರಣವನ್ನು ನಿರ್ಮಿಸಿದುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಕೊನೆಗೆ ಪ್ರಯೋಗ. ಸೂರ್ಯನನ್ನು ಬರಿಗಣ್ಣಿನಿಂದಾಗಲಿ ದುರ್ಬೀನಿನಿಂದಾಗಲಿ ಎಂದಿಗೂ ನೋಡಕೂಡದು, ದೃಷ್ಟಿಯೇ ಹೋದೀತು. ಉಪಾಧ್ಯಾಯರು ಎದುರಿಗಿದ್ದು, ಸಣ್ಣ ದೂರದರ್ಶಕದಿಂದ ಬಿಂಬವನ್ನು ಬಿಳಿಯ ಕಾಗದದ ಮೇಲೆ ಬೀಳಿಸಲಿ. ಮಕ್ಕಳು ದಿನವೂ ಒಂದು ವೃತ್ತ ಬರೆದು ಕಲೆಗಳನ್ನು ಗುರುತಿಸಲಿ. ಎರಡು ವಾರಗಳಲ್ಲಿ ಕಲೆಗಳು ಅಂಚಿನಿಂದ ಅಂಚಿಗೆ ಸರಿಯುವುದನ್ನು ಕಂಡು, ಸೂರ್ಯನೂ ತನ್ನ ಸುತ್ತ ತಾನು ತಿರುಗುವನೆಂದು ತಮ್ಮ ಪೆನ್ಸಿಲಿನ ಗುರುತುಗಳಿಂದಲೇ ತಿಳಿದುಕೊಳ್ಳುವರು. ಕ್ಯಾರಿಂಗ್‌ಟನ್ ಅವರೂ ಮಾಡುತ್ತಿದ್ದುದು ಇದನ್ನೇ.