ಬೇಸ್‌ಬಾಲ್ ಪಂಚಾಂಗ: ಆಯ–ವ್ಯಯವನ್ನು ಎಷ್ಟು ನಂಬಬಹುದು?

ಯುಗಾದಿ ಹತ್ತಿರವಾಯಿತೆಂದರೆ ಅಮೆರಿಕದಲ್ಲಿರುವ ನಮಗೆ ಎರಡು ಪಂಚಾಂಗಗಳ ಕಾಲ. ಒಂದು, ಕನ್ನಡ ಕೂಟದ ಹಬ್ಬದಲ್ಲಿ ಪುರೋಹಿತರು ಓದುವುದು. ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು ಎಂದು ಬೇವು–ಬೆಲ್ಲ ಬಾಯಿಗೆ ಹಾಕಿಕೊಂಡು ಕೇಳುತ್ತೇವೆ. ಇನ್ನೊಂದು, ಆಫೀಸಿನ ಊಟದ ಮೇಜಿನಲ್ಲಿ ಚರ್ಚೆಯಾಗುವ ಬೇಸ್‌ಬಾಲ್ ಪಂಚಾಂಗ. ಮೇಜರ್ ಲೀಗ್ ಬೇಸ್‌ಬಾಲ್ ಋತು ಶುರುವಾಗುವುದು ಮಾರ್ಚ್ ಕೊನೆಯಲ್ಲಿ. ಫೆಬ್ರುವರಿಯಲ್ಲಿ ಫ್ಲಾರಿಡಾ, ಅರಿಜೋನಾಗಳಲ್ಲಿ ತಂಡಗಳು ಅಭ್ಯಾಸಕ್ಕೆ ಇಳಿದ ದಿನದಿಂದಲೇ ಯಾರು ಎಷ್ಟು ಪಂದ್ಯ ಗೆಲ್ಲುತ್ತಾರೆ ಎಂಬ ಭವಿಷ್ಯ ಹೇಳುವವರ ಸಾಲು ಬೆಳೆಯುತ್ತದೆ.

ಇಲ್ಲಿರುವ ನಿಮ್ಮ ಮಕ್ಕಳು, ಅಳಿಯಂದಿರು ಫೋನಿನಲ್ಲಿ ಈ ಮಾತೆತ್ತುವುದನ್ನು ನೀವೂ ಕೇಳಿರಬಹುದು. ಲೆಕ್ಕಪತ್ರವೇ ಕಸುಬಾದ ನಾವು ಈ ಭವಿಷ್ಯದ ಹಿಂದಿರುವ ಲೆಕ್ಕವನ್ನು ಊರಿನವರಿಗೆ ಬಿಡಿಸಿ ಹೇಳಬೇಕೆಂದುಕೊಂಡಿದ್ದೇವೆ. ಅದಕ್ಕೆ ಕಾರಣ ಬರೀ ಆಟವಲ್ಲ, ಹಣವೂ ಹೌದು.

ರನ್ನೇ ಆಯ, ಕೊಟ್ಟ ರನ್ನೇ ವ್ಯಯ

ಮೊದಲು ಗಾತ್ರ. ಐಪಿಎಲ್‌ನಲ್ಲಿ 10 ತಂಡ, ಲೀಗ್ ಹಂತದಲ್ಲಿ ತಲಾ 14 ಪಂದ್ಯ. ಇಲ್ಲಿ 30 ತಂಡ, ತಲಾ 162 ಪಂದ್ಯ. 29 ತಂಡಗಳು ಅಮೆರಿಕದವು, ಒಂದು ಕೆನಡಾದ ಟೊರಾಂಟೊದ್ದು. ಆರು ತಿಂಗಳು ಹೆಚ್ಚುಕಡಿಮೆ ದಿನವೂ ಆಟ. ಕೊನೆಗೆ 12 ತಂಡಗಳು ಮುಂದಿನ ಹಂತಕ್ಕೆ ಹೋಗುತ್ತವೆ; ವರ್ಲ್ಡ್ ಸೀರೀಸ್ ಗೆದ್ದವರು ಚಾಂಪಿಯನ್. ನೂರು ಪಂದ್ಯ ಗೆದ್ದರೆ ಬಲಾಢ್ಯ ತಂಡ, ನೂರು ಸೋತರೆ ದುರ್ಬಲ. ಉಳಿದವರೆಲ್ಲ ನಡುವೆ.

1970ರ ದಶಕದಲ್ಲಿ ಕ್ಯಾನ್ಸಸ್ ರಾಜ್ಯದ ಆಹಾರ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರರಾಗಿದ್ದ ಬಿಲ್ ಜೇಮ್ಸ್ ಎಂಬವರು ಸರಳವಾದ ಸೂತ್ರವೊಂದನ್ನು ಕೊಟ್ಟರು. ತಂಡ ಹೊಡೆದ ರನ್ನುಗಳ ವರ್ಗವನ್ನು, ಹೊಡೆದ ಮತ್ತು ಎದುರಾಳಿಗೆ ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿ. ಬರುವುದು ಗೆಲುವಿನ ಪಾಲು. ವರ್ಷಕ್ಕೆ 800 ರನ್ ಹೊಡೆದು 700 ಕೊಟ್ಟ ತಂಡ ಸುಮಾರು 92 ಪಂದ್ಯ ಗೆಲ್ಲಬೇಕು. ಪಂಚಾಂಗದ ಆಯ–ವ್ಯಯದಂತೆಯೇ, ಆದರೆ ಇಲ್ಲಿ ಗ್ರಹಗಳ ಕೈವಾಡವಿಲ್ಲ.

ಕಂಪನಿಯ ಲಾಭ–ನಷ್ಟದ ಪಟ್ಟಿ ನೋಡುವಾಗ ನಾವು ಕೇಳುವ ಮೊದಲ ಪ್ರಶ್ನೆ: ಇದು ವ್ಯಾಪಾರದಿಂದ ಬಂದ ಲಾಭವೋ, ಜಮೀನು ಮಾರಿ ಒಂದು ಸಲ ಬಂದದ್ದೋ? ಜೇಮ್ಸ್ ಸೂತ್ರವೂ ಇದನ್ನೇ ಕೇಳುತ್ತದೆ. 2012ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ 712 ರನ್ ಹೊಡೆದು 705 ಕೊಟ್ಟಿತು. ಸೂತ್ರದ ಪ್ರಕಾರ 82 ಗೆಲುವು ಸಿಗಬೇಕಿತ್ತು. ಗೆದ್ದದ್ದು 93. ಒಂದೇ ರನ್ನಿನ ಅಂತರದ ಪಂದ್ಯಗಳಲ್ಲಿ 29 ಗೆದ್ದು 9 ಮಾತ್ರ ಸೋತದ್ದೇ ಇದರ ಗುಟ್ಟು. ಮರುವರ್ಷ ಆ ಅದೃಷ್ಟ ಕೈಕೊಟ್ಟಿತು. ಗೆಲುವು 85ಕ್ಕೆ ಇಳಿಯಿತು.

ಈಗಿನ ಲೆಕ್ಕಗಾರರು ತಂಡವನ್ನಲ್ಲ, ಒಬ್ಬೊಬ್ಬ ಆಟಗಾರನನ್ನು ತೂಗುತ್ತಾರೆ. ಕಳೆದ ಮೂರು ವರ್ಷಗಳ ಆಟಕ್ಕೆ 5, 4, 3ರ ತೂಕ ಕೊಟ್ಟು, ಸರಾಸರಿಯ ಕಡೆಗೆ ತುಸು ಎಳೆದು, ವಯಸ್ಸಿಗೆ ತಕ್ಕಂತೆ ಕೂಡಿಸಿ ಕಳೆದರೆ ಆಯಿತು. ಕೋತಿಯೂ ಮಾಡಬಹುದಾದಷ್ಟು ಸುಲಭ ಎಂಬ ಅರ್ಥದಲ್ಲಿ ಈ ವಿಧಾನಕ್ಕೆ ‘ಮಾರ್ಸೆಲ್’ ಎಂಬ ಕೋತಿಯ ಹೆಸರನ್ನೇ ಇಟ್ಟಿದ್ದಾರೆ! ‘ಪೆಕೋಟಾ’, ‘ಜಿಪ್ಸ್’ ಎಂಬ ಇನ್ನೂ ಜಟಿಲವಾದ ಲೆಕ್ಕಗಳೂ ಇವೆ.

ನಾಣ್ಯದ ಪಾಲು ಎಷ್ಟು?

ಇಷ್ಟೆಲ್ಲ ಲೆಕ್ಕವಿದ್ದೂ ಭವಿಷ್ಯ ತಪ್ಪುವುದೇಕೆ? ಒಂದು ನಾಣ್ಯವನ್ನು 162 ಸಲ ಚಿಮ್ಮಿ ನೋಡಿ. ಸರಾಸರಿ 81 ಸಲ ರಾಜ ಬೀಳಬೇಕು. ಆದರೆ ಮೂರರಲ್ಲಿ ಎರಡು ಸಲ ಉತ್ತರ 75ರಿಂದ 87ರ ನಡುವೆ ಎಲ್ಲಿಯೂ ಇರಬಹುದು, ಮೂರರಲ್ಲಿ ಒಂದು ಸಲ ಅದರ ಆಚೆಗೂ ಹೋಗಬಹುದು. ಅಂದರೆ ತಂಡದ ಶಕ್ತಿಯನ್ನು ಗುಲಗಂಜಿಯಷ್ಟೂ ತಪ್ಪದೆ ತೂಗಿದರೂ ಆರು ಪಂದ್ಯ ಅತ್ತಿತ್ತ ಆಗುವುದು ಸಹಜ. 75 ಗೆದ್ದ ತಂಡದ ತರಬೇತುದಾರ ಕೆಲಸ ಕಳೆದುಕೊಳ್ಳಬಹುದು, 87 ಗೆದ್ದವರಿಗೆ ಹಾರ ತುರಾಯಿ. ಎರಡೂ ಒಂದೇ ಶಕ್ತಿಯ ತಂಡಗಳೇ ಆಗಿರಬಹುದು.

ಇದರ ಮೇಲೆ ಗಾಯಗಳು. ಚೆಂಡೆಸೆಯುವ ಪಿಚರ್ ನಮ್ಮ ಬೌಲರ್ ಇದ್ದಂತೆ. ಅವನ ಮೊಣಕೈಯ ಅಸ್ಥಿರಜ್ಜು ಹರಿದರೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ವರ್ಷಕ್ಕೂ ಹೆಚ್ಚು ಕಾಲ ಆಟವಿಲ್ಲ. ಯಾರ ಕೈ ಯಾವಾಗ ಕೈಕೊಡುತ್ತದೆ ಎಂದು ಫೆಬ್ರುವರಿಯಲ್ಲಿ ಹೇಳುವವರಿಲ್ಲ.

ಹೀಗಾಗಿ ದೊಡ್ಡ ಲೆಕ್ಕಗಳೂ ನೆಲ ಕಚ್ಚಿವೆ. 2015ರಲ್ಲಿ ಕ್ಯಾನ್ಸಸ್ ಸಿಟಿ ರಾಯಲ್ಸ್‌ಗೆ ಪೆಕೋಟಾ ಹೇಳಿದ್ದು 72 ಗೆಲುವು. ಅದು 95 ಗೆದ್ದು ಚಾಂಪಿಯನ್ ಆಯಿತು. 2021ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಸುಮಾರು 75 ಎಂದಿತ್ತು, ಗೆದ್ದದ್ದು 107. ದುಡ್ಡು ಸುರಿದರೆ ಆಯಿತು ಎನ್ನುವಂತೆಯೂ ಇಲ್ಲ. 2023ರಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಕೊಟ್ಟ ನ್ಯೂಯಾರ್ಕ್ ಮೆಟ್ಸ್ 75 ಗೆದ್ದು 87 ಸೋತಿತು. 2024ರಲ್ಲಿ 74 ಗೆದ್ದು ತನ್ನ ವಿಭಾಗದಲ್ಲಿ ಕೊನೆಯಲ್ಲಿದ್ದ ಟೊರಾಂಟೊ ಬ್ಲೂ ಜೇಸ್, ಮರುವರ್ಷ 94 ಗೆದ್ದು ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯದವರೆಗೆ ಹೋಯಿತು. ಆ ವಾರ ಕೆನಡಾದ ನಮ್ಮ ಸ್ನೇಹಿತರ ಮನೆಗಳಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಕೊನೆಯ ಹಂತವಂತೂ ಇನ್ನೂ ಚಂಚಲ. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಪಂದ್ಯ ಗೆದ್ದರೂ ವರ್ಲ್ಡ್ ಸೀರೀಸ್ ತಲುಪಲಿಲ್ಲ. ಲಾಸ್ ಏಂಜಲೀಸ್ ಡಾಜರ್ಸ್ 2024, 2025ರಲ್ಲಿ ಸತತ ಎರಡು ಸಲ ಗೆದ್ದಿತು ನಿಜ. ಎರಡನೆಯದಕ್ಕೆ ಏಳನೆಯ ಪಂದ್ಯದ 11ನೇ ಇನಿಂಗ್ಸ್‌ವರೆಗೆ ಉಸಿರು ಬಿಗಿಹಿಡಿಯಬೇಕಾಯಿತು.

ತಾಳೆಯಾಗದ ಪಟ್ಟಿ

ನಾವು ಏಳೆಂಟು ಕನ್ನಡಿಗ ಗೆಳೆಯರು ಪ್ರತಿ ಮಾರ್ಚ್‌ನಲ್ಲಿ 30 ತಂಡಗಳ ಮುಂದೆ ನಮ್ಮ ನಮ್ಮ ಅಂದಾಜು ಬರೆದಿಡುತ್ತೇವೆ. ಅಕ್ಟೋಬರ್‌ನಲ್ಲಿ ಹೆಚ್ಚು ತಪ್ಪಿದವರ ಮನೆಯಲ್ಲಿ ಬಿಸಿಬೇಳೆ ಬಾತ್. ಇದರಲ್ಲೊಂದು ತಮಾಷೆಯಿದೆ. ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಆದ್ದರಿಂದ 30 ತಂಡಗಳ ಗೆಲುವು ಕೂಡಿದರೆ 2,430 ಬರಲೇಬೇಕು. ಪಟ್ಟಿಗಳನ್ನು ಕೂಡಿದಾಗ ಸಾಮಾನ್ಯವಾಗಿ ಬರುವುದು 2,500ರ ಆಸುಪಾಸು! ಎಲ್ಲ ತಂಡಗಳ ಮೇಲೂ ನಮಗೆ ಧಾರಾಳ ಆಸೆ. ಯಾರನ್ನಾದರೂ ಮೇಲೆತ್ತಿದರೆ ಇನ್ಯಾರನ್ನೋ ಕೆಳಗಿಳಿಸಬೇಕು ಎಂಬುದು ಮರೆತೇ ಹೋಗುತ್ತದೆ. ಮಕ್ಕಳಿಗೆ ಜಮಾ–ಖರ್ಚಿನ ತಾಳೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಭವಿಷ್ಯ ಬಾಜಿಯಾದಾಗ

ಬಾತ್ ಊಟಕ್ಕೆ ಸೀಮಿತವಾಗಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. 2018ರ ಮೇ ತಿಂಗಳಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಯ ಮೇಲಿದ್ದ ಕೇಂದ್ರದ ತಡೆಯನ್ನು ತೆಗೆದ ಮೇಲೆ, ಮೂರು ಡಜನ್‌ಗೂ ಹೆಚ್ಚು ರಾಜ್ಯಗಳಲ್ಲಿ ಅದು ಕಾನೂನುಬದ್ಧ. ಭಾರತದಲ್ಲಿ 2025ರಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲಾಯಿತು. ಇಲ್ಲಿ ಅದೇ ಜಾಹೀರಾತು ಪ್ರತಿ ಇನಿಂಗ್ಸ್ ನಡುವೆ. ‘ಈ ತಂಡ 88ಕ್ಕಿಂತ ಹೆಚ್ಚು ಗೆಲ್ಲುತ್ತದೋ, ಕಡಿಮೆಯೋ?’ ಎಂದು ಆ್ಯಪ್ ಕೇಳುತ್ತದೆ. ಸಾಮಾನ್ಯ ದರದಲ್ಲಿ 100 ಡಾಲರ್ ಗಳಿಸಲು 110 ಕಟ್ಟಬೇಕು. ಹಾಗಾದರೆ ಅಸಲು ಉಳಿಯಬೇಕಿದ್ದರೂ ನೂರರಲ್ಲಿ 52ಕ್ಕಿಂತ ಹೆಚ್ಚು ಸಲ ಸರಿಯಾಗಬೇಕು. ಆರು ಪಂದ್ಯ ಬರೀ ಅದೃಷ್ಟದಿಂದ ಏರಿಳಿಯುವ ಆಟದಲ್ಲಿ ವರ್ಷ ವರ್ಷವೂ ಅದನ್ನು ಸಾಧಿಸುವುದು ಎಷ್ಟು ಕಷ್ಟ ಎಂದು ನೀವೇ ಯೋಚಿಸಿ.

ಮೇಲೆ ತೆರಿಗೆ. ಗೆದ್ದದ್ದೆಲ್ಲ ಆದಾಯ. ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವವರು ಸೋತದ್ದನ್ನು ಕಳೆಯುವಂತಿಲ್ಲ. ಅಮೆರಿಕದಲ್ಲಿ ಹೆಚ್ಚಿನವರು ಇದೇ ಗುಂಪಿನವರು. ಬಿಡಿಬಿಡಿಯಾಗಿ ಲೆಕ್ಕ ಕೊಡುವವರಿಗೂ, 2025ರಲ್ಲಿ ಬಂದ ಕಾನೂನಿನಂತೆ 2026ರ ತೆರಿಗೆ ವರ್ಷದಿಂದ ಸೋತದ್ದರಲ್ಲಿ ಶೇ 90 ಮಾತ್ರ ಕಳೆಯಲು ಅವಕಾಶ. 10,000 ಡಾಲರ್ ಗೆದ್ದು 10,000 ಸೋತವನ ಕೈಯಲ್ಲಿ ಉಳಿದದ್ದು ಸೊನ್ನೆ. ತೆರಿಗೆ ಮಾತ್ರ 1,000ದ ಮೇಲೆ! ವಿದ್ಯಾರ್ಥಿ ವೀಸಾದವರ ಸ್ಥಿತಿ ಇನ್ನೂ ಬಿಗಿ. ಮೊದಲ ಐದು ಕ್ಯಾಲೆಂಡರ್ ವರ್ಷ ಅವರು ಸಾಮಾನ್ಯವಾಗಿ ತೆರಿಗೆಯ ಮಟ್ಟಿಗೆ ಅನಿವಾಸಿಗಳು. ಭಾರತದಿಂದ ಬಂದವರಾದರೆ ಗೆದ್ದದ್ದಕ್ಕೆ ಶೇ 30 ತೆರಿಗೆ. ಸೋತದ್ದಕ್ಕೆ ಏನೂ ಇಲ್ಲ.

ಬಾಜಿಯ ಹುಚ್ಚು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಬೇಸ್‌ಬಾಲ್ ಲೋಕದಲ್ಲೇ ಉದಾಹರಣೆಯಿದೆ. ಡಾಜರ್ಸ್‌ನ ತಾರೆ ಶೊಹೆ ಒಟಾನಿಯ ದುಭಾಷಿಯಾಗಿದ್ದ ಇಪ್ಪೆ ಮಿಜುಹಾರಾ, ಬಾಜಿಯ ಸಾಲ ತೀರಿಸಲು ಒಟಾನಿಯ ಖಾತೆಯಿಂದ ಸುಮಾರು 1.7 ಕೋಟಿ ಡಾಲರ್ ಕದ್ದರು. 2025ರಲ್ಲಿ ಅವರಿಗೆ 57 ತಿಂಗಳ ಜೈಲು ಶಿಕ್ಷೆಯಾಯಿತು.

ಹಾಗೆಂದು ಭವಿಷ್ಯ ಹೇಳುವ ಆಟವನ್ನೇ ಬಿಡಬೇಕಿಲ್ಲ. ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬರುವ ತಂದೆ–ತಾಯಂದಿರು ಒಮ್ಮೆ ಕ್ರೀಡಾಂಗಣಕ್ಕೆ ಹೋಗಿ ಬನ್ನಿ. ಆಟ ನಿಧಾನ, ಮಾತಾಡಲು ಬೇಕಾದಷ್ಟು ಬಿಡುವು. ಮೊಮ್ಮಕ್ಕಳ ಜತೆ ಪಟ್ಟಿ ಬರೆಯಿರಿ, 2,430ಕ್ಕೆ ತಾಳೆ ಮಾಡಿಸಿ. ಮಗ ಫೋನಿನಲ್ಲಿ ‘ಅಮ್ಮಾ, ಈ ಸಲ ನಮ್ಮ ತಂಡ 90 ಗೆಲ್ಲುತ್ತೆ’ ಎಂದರೆ, ‘84ರಿಂದ 96ರ ನಡುವೆ ಅಂತ ಹೇಳಪ್ಪ’ ಎಂದು ತಿದ್ದಿ. ಹಾಗೆಯೇ, ಆ ಮಾತಿನ ಮೇಲೆ ಎಷ್ಟು ದುಡ್ಡು ಕಟ್ಟಿದ್ದೀಯ ಎಂದು ಕೇಳುವುದನ್ನೂ ಮರೆಯಬೇಡಿ.